ಸಹೃದಯನ ಶಿಕ್ಷಣ

ಕಾವ್ಯ ಬರೆಯುವುದಕ್ಕೆ ಪ್ರತಿಭೆ ಬೇಕೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಓದುವುದಕ್ಕೂ ಅದು ಬೇಕೆಂದು ಬಿಡಿಸಿ ಹೇಳಿದವನು ರಾಜಶೇಖರ. ಹತ್ತನೆಯ ಶತಮಾನದ ಆರಂಭದಲ್ಲಿದ್ದ ಈ ಆಲಂಕಾರಿಕನು ತನ್ನ 'ಕಾವ್ಯಮೀಮಾಂಸೆ'ಯಲ್ಲಿ ಪ್ರತಿಭೆಯನ್ನು ಎರಡಾಗಿ ವಿಂಗಡಿಸಿ, ಕವಿಗೆ ನೆರವಾಗುವುದನ್ನು ಕಾರಯಿತ್ರಿ ಎಂದೂ ಓದುಗನಿಗೆ ನೆರವಾಗುವುದನ್ನು ಭಾವಯಿತ್ರಿ ಎಂದೂ ಕರೆದ. ಈ ವಿಂಗಡಣೆಯನ್ನು ನಾವು ತರಗತಿಗಳಲ್ಲಿ ವರ್ಷವರ್ಷವೂ ಪಾಠ ಹೇಳುತ್ತೇವೆ. ಹೇಳಿದ ಮೇಲೆ, ಅದರಿಂದ ನಮಗೆ ಅನುಕೂಲವಾದ ಒಂದು ತೀರ್ಮಾನವನ್ನು ನಮಗೆ ನಾವೇ ಮಾಡಿಕೊಳ್ಳುತ್ತೇವೆ: ಈ ಹುಡುಗಿಗೆ ರಸಜ್ಞತೆ ಹುಟ್ಟಿನಿಂದಲೇ ಬಂದಿದೆ, ಆ ಹುಡುಗನಿಗೆ ಅದು ಬಂದಿಲ್ಲ, ಬಾರದವನಿಗೆ ಏನು ಮಾಡಿದರೂ ಬರುವುದಿಲ್ಲ. ಉಪಾಧ್ಯಾಯನ ಪಾಲಿಗೆ ಇದಕ್ಕಿಂತ ನೆಮ್ಮದಿಯ ಸಿದ್ಧಾಂತ ಇನ್ನೊಂದಿರಲಾರದು.

ಆದರೆ ಅದೇ ಪರಂಪರೆಯಲ್ಲಿ ಬಂದ ಅಭಿನವಗುಪ್ತನು ಸಹೃದಯನ ಲಕ್ಷಣವನ್ನು ಹೇಳುವಾಗ ಹುಟ್ಟಿನ ಮಾತನ್ನು ಮುಂದಿಡುವುದಿಲ್ಲ. ಕಾವ್ಯವನ್ನು ಮತ್ತೆ ಮತ್ತೆ ಅನುಶೀಲನ ಮಾಡಿದ ಅಭ್ಯಾಸದ ಫಲವಾಗಿ ಯಾರ ಮನಸ್ಸಿನ ಕನ್ನಡಿ ತಿಳಿಯಾಗಿದೆಯೋ, ಅವರಿಗೆ ವರ್ಣಿತವಾದ ವಸ್ತುವಿನಲ್ಲಿ ಒಂದಾಗುವ ಯೋಗ್ಯತೆ ಬರುತ್ತದೆ ಎಂಬುದು ಅವನ ಅಭಿಪ್ರಾಯ. ಈ ಕನ್ನಡಿಯ ಹೋಲಿಕೆಯನ್ನು ನಾವು ಗಾಜಿನ ಕನ್ನಡಿಯನ್ನು ಕಣ್ಮುಂದೆ ಇಟ್ಟುಕೊಂಡು ಓದಿಬಿಡುತ್ತೇವೆ. ಹಿಂದಿನ ಕಾಲದ ಕನ್ನಡಿ ಲೋಹದ್ದು. ಉಜ್ಜಿದರೆ ಮುಖ ತೋರಿಸುತ್ತದೆ, ಬಿಟ್ಟರೆ ಮಾಸುತ್ತದೆ. ಹಾಗಾದರೆ ಉಜ್ಜುವ ಬಗೆ ಯಾವುದು? ಲೋಚನಕಾರನು ಅನುಶೀಲನವೆಂದು ಒಂದು ಮಾತಿನಲ್ಲಿ ಹೇಳಿ ಮುಂದೆ ಸಾಗಿದ. ಅವನ ಶಿಷ್ಯರಿಗೆ ಅದು ಸಾಕಾಗಿತ್ತೇನೋ. ನಮ್ಮ ಪದವಿ ತರಗತಿಯ ಎಂಬತ್ತು ಮಂದಿಗೆ ಸಾಲುವುದಿಲ್ಲ.

ಸಾಲುವುದಿಲ್ಲವೆಂಬುದನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು. ಮೂರು ವರ್ಷ ಹಳಗನ್ನಡದ ಭಾಗಗಳನ್ನು ಓದಿ, ಒಳ್ಳೆಯ ಅಂಕ ಪಡೆದು ಹೊರಬಂದ ವಿದ್ಯಾರ್ಥಿಯ ಮುಂದೆ ಅವನು ಹಿಂದೆ ನೋಡಿರದ ಒಂದು ಕಂದಪದ್ಯವನ್ನು ಇಡಿ. ನೂರಕ್ಕೆ ಎಷ್ಟು ಮಂದಿ ಅದನ್ನು ಬಿಡಿಸುತ್ತಾರೆಂಬ ಲೆಕ್ಕ ನನ್ನಲ್ಲಿಲ್ಲ. ನನ್ನ ತರಗತಿಗಳಲ್ಲಿ ಬೆರಳೆಣಿಕೆಯಷ್ಟು ಮಂದಿ. ಉಳಿದವರು ದಡ್ಡರಲ್ಲ. ಅವರಲ್ಲಿ ಅನೇಕರು ಅದೇ ಪದ್ಯದ ತಾತ್ಪರ್ಯವನ್ನು ಕೊಟ್ಟರೆ ಅದರ ಮೇಲೆ ಎರಡು ಪುಟ ಬರೆಯಬಲ್ಲರು. ಅಂದರೆ ಅವರು ಕಲಿತದ್ದು ಪದ್ಯಗಳ ವಿಚಾರ. ಪದ್ಯವನ್ನು ಓದುವುದನ್ನು ಕಲಿಯಲಿಲ್ಲ.

'ಹೆಚ್ಚು ಓದಿರಿ' ಎಂಬ ಉಪದೇಶ ಇದಕ್ಕೆ ಮದ್ದಲ್ಲ. ಹತ್ತು ಸಾವಿರ ಗಂಟೆಗಳ ಅಭ್ಯಾಸದಿಂದ ಯಾವ ವಿದ್ಯೆಯಲ್ಲಾದರೂ ಪರಿಣತಿ ಬರುತ್ತದೆಂಬ ಘೋಷಣೆಯೊಂದು ಕೆಲವು ವರ್ಷಗಳಿಂದ ಜನಪ್ರಿಯವಾಗಿದೆ. ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳನ್ನು ಕುರಿತು ಎರಿಕ್ಸನ್ ಮತ್ತು ಅವರ ಸಂಗಡಿಗರು ೧೯೯೩ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಹೊರಟು, ೨೦೦೮ರಲ್ಲಿ ಬಂದ ಒಂದು ಜನಪ್ರಿಯ ಪುಸ್ತಕದ ಮೂಲಕ ಊರೆಲ್ಲ ಹರಡಿದ ಮಾತಿದು. ಎರಿಕ್ಸನ್ನರೇ ಈ ಸರಳೀಕರಣವನ್ನು ಒಪ್ಪಲಿಲ್ಲ. ಅವರು ಒತ್ತಿ ಹೇಳಿದ್ದು ಗಂಟೆಗಳ ಮೊತ್ತವನ್ನಲ್ಲ, ತನ್ನ ಕೈಗೆ ಇನ್ನೂ ಎಟುಕದ ಅಂಶವನ್ನೇ ಆರಿಸಿಕೊಂಡು, ಬಲ್ಲವರಿಂದ ತಿದ್ದಿಸಿಕೊಳ್ಳುತ್ತ ಮಾಡುವ ಅಭ್ಯಾಸವನ್ನು. ದಿನಾ ಪತ್ರಿಕೆ ಓದುವವರೆಲ್ಲ ವಿಮರ್ಶಕರಾಗದಿರುವುದಕ್ಕೆ ಕಾರಣ ಇಲ್ಲಿಯೇ ಇದೆ.

ನುರಿತವನಿಗೂ ಹೊಸಬನಿಗೂ ಇರುವ ವ್ಯತ್ಯಾಸ ಏನೆಂಬುದನ್ನು ಕುರಿತು ನಮಗೆ ಹೆಚ್ಚು ಬೆಳಕು ಕೊಟ್ಟದ್ದು ಚದುರಂಗ. ಹಾಲೆಂಡಿನ ಆಡ್ರಿಯಾನ್ ಡಿ ಗ್ರೂಟ್ ೧೯೪೬ರ ತನ್ನ ಪ್ರಬಂಧದಲ್ಲಿ ಆರಂಭಿಸಿದ ವಿಚಾರವನ್ನು ಅಮೆರಿಕದ ಚೇಸ್ ಮತ್ತು ಸೈಮನ್ ೧೯೭೩ರಲ್ಲಿ ಮುಂದುವರಿಸಿದರು. ನಡುವಣ ಆಟದ ಮಣೆಯೊಂದನ್ನು ಐದು ಸೆಕೆಂಡು ತೋರಿಸಿ ಮರೆಮಾಡುವುದು. ನೋಡಿದ್ದನ್ನು ಇನ್ನೊಂದು ಮಣೆಯ ಮೇಲೆ ಹೂಡಿಸುವುದು. ಪಳಗಿದ ಆಟಗಾರ ಸುಮಾರು ಹದಿನಾರು ಕಾಯಿಗಳನ್ನು ಸರಿಯಾಗಿ ಇಟ್ಟ, ಹೊಸಬ ನಾಲ್ಕನ್ನು. ಪಳಗಿದವನ ನೆನಪು ದೊಡ್ಡದೆಂದು ಯಾರಿಗಾದರೂ ತೋರುತ್ತದೆ. ಆದರೆ ಅವೇ ಕಾಯಿಗಳನ್ನು ಆಟದ ನಿಯಮವಿಲ್ಲದೆ ಮನಬಂದಂತೆ ಚೆಲ್ಲಿ ತೋರಿಸಿದಾಗ ಅವನ ಮೇಲುಗೈ ಬಹುಮಟ್ಟಿಗೆ ಅಳಿದುಹೋಯಿತು. ಅವನು ಕಾಯಿಗಳನ್ನು ಬಿಡಿಬಿಡಿಯಾಗಿ ನೋಡುತ್ತಿರಲಿಲ್ಲ, ಗೊಂಚಲುಗಳನ್ನು ನೋಡುತ್ತಿದ್ದ. ಅಂಥ ಗೊಂಚಲುಗಳು ಅವನಲ್ಲಿ ಸಾವಿರಗಟ್ಟಲೆ ಶೇಖರವಾಗಿದ್ದವು.

ಹಳಗನ್ನಡ ಪದ್ಯದ ಮುಂದೆ ಕುಳಿತವನ ಸ್ಥಿತಿಯೂ ಇದೇ. ಓಲೆಯ ಪ್ರತಿಗಳಲ್ಲಿ ಪದಕ್ಕೂ ಪದಕ್ಕೂ ನಡುವೆ ತೆರಪಿರಲಿಲ್ಲ. ಅಚ್ಚಿನಲ್ಲಿ ತೆರಪಿದ್ದರೂ ಸಂಧಿ ಅದನ್ನು ಮುಚ್ಚಿಬಿಡುತ್ತದೆ. ಹೊಸಬನಿಗೆ ಕಾಣುವುದು ಅಕ್ಷರಗಳ ಸಾಲು. ಬಲ್ಲವನ ಕಿವಿ, ನಾಲ್ಕು ಮಾತ್ರೆಯ ಗಣಗಳಲ್ಲಿ ಹನ್ನೆರಡು, ಇಪ್ಪತ್ತು, ಮತ್ತೆ ಹನ್ನೆರಡು, ಇಪ್ಪತ್ತು ಎಂದು ನಡೆಯುವ ಕಂದದ ಅರುವತ್ತನಾಲ್ಕು ಮಾತ್ರೆಗಳನ್ನು ಮೊದಲೇ ನಿರೀಕ್ಷಿಸುತ್ತಿರುತ್ತದೆ. ಎರಡನೆಯ ಅಕ್ಷರದ ಪ್ರಾಸ ಸಾಲಿನ ತಲೆಯನ್ನು ಗುರುತಿಸಿಕೊಡುತ್ತದೆ. ಪದಗಳ ವಿಷಯವೂ ಹಾಗೆಯೇ. 'ಕಂಬನಿ' ಎಂಬ ಮಾತನ್ನು ನಮ್ಮ ಸಿನಿಮಾ ಹಾಡು ಕೇಳಿದ ಹುಡುಗನೂ ಬಲ್ಲ. ಅದು ಕಣ್ ಮತ್ತು ಪನಿ, ಆ ಪನಿಯೇ ನಮ್ಮ ಹನಿ, ಪಕಾರ ಸಮಾಸದಲ್ಲಿ ಬಕಾರವಾಯಿತು ಎಂದು ಒಮ್ಮೆ ತಾನೇ ಕಂಡುಕೊಂಡವನು ಬೆಂಬತ್ತುವುದರಲ್ಲಿ ಬೆನ್ನನ್ನೂ ಮುಂಗಾರಿನಲ್ಲಿ ಕಾರನ್ನೂ ಕಾಣುತ್ತಾನೆ; ಪಾಲು, ಪುಲಿ, ಪೊಸ ಎಂಬ ರೂಪಗಳು ಅವನಿಗೆ ಅಪರಿಚಿತ ಭಾಷೆಯಾಗಿ ಉಳಿಯುವುದಿಲ್ಲ. ನೂರು ಶಬ್ದಗಳ ಅರ್ಥವನ್ನು ಪಟ್ಟಿಮಾಡಿ ಕೊಟ್ಟರೆ ಅವನಿಗೆ ನೂರು ಶಬ್ದ ಬಂದೀತು. ಇಂಥ ಐದಾರು ಕೀಲುಗಳನ್ನು ಕೈಗೆ ಕೊಟ್ಟರೆ ಸಾವಿರ ಶಬ್ದಗಳ ಬಾಗಿಲು ತೆರೆಯುತ್ತದೆ.

ಹಳೆಯ ಪಂಡಿತರ ಪಾಠಕ್ರಮದಲ್ಲಿ ಅನ್ವಯ, ಪ್ರತಿಪದಾರ್ಥ, ತಾತ್ಪರ್ಯ ಎಂದು ಮೂರು ಮೆಟ್ಟಿಲುಗಳಿದ್ದವು. ಪದ್ಯದ ಪದಗಳನ್ನು ಗದ್ಯದ ಕ್ರಮಕ್ಕೆ ತಂದುಕೊಳ್ಳುವುದು ಮೊದಲು, ಒಂದೊಂದರ ಅರ್ಥ ಆಮೇಲೆ, ಒಟ್ಟು ಅಭಿಪ್ರಾಯ ಕೊನೆಗೆ. ಈ ಕ್ರಮವನ್ನು ಒಣ ಪಾಂಡಿತ್ಯವೆಂದು ನಾವು ಹೊಸಬರು ನಕ್ಕೆವು. ನಕ್ಕು, ಮೊದಲಿನ ಎರಡನ್ನು ಬಿಟ್ಟೆವು. ಮೂರನೆಯದನ್ನು ಮಾತ್ರ ಉಳಿಸಿಕೊಂಡೆವು. ಪರೀಕ್ಷೆಯ ಗೈಡುಗಳಲ್ಲಿ ಇರುವುದು ಅದೊಂದೇ. ಓದುಗಾರಿಕೆ ಬೆಳೆಯುವ ಜಾಗ ಯಾವುದೋ ಅದನ್ನೇ ಕಿತ್ತು, ಅದರ ಫಲವನ್ನು ಬೇರೆಯವರ ಕೈಯಿಂದ ಪಡೆದು ಬಾಯಿಪಾಠ ಮಾಡುವ ವ್ಯವಸ್ಥೆ ಇದು. ಡಿ. ಎಲ್. ನರಸಿಂಹಾಚಾರ್ಯರ 'ಪಂಪಭಾರತ ದೀಪಿಕೆ' (೧೯೭೧) ಎದುರಿಗಿಟ್ಟುಕೊಂಡು ಪಂಪನನ್ನು ಓದಿದವರಿಗೆ ಈ ವ್ಯತ್ಯಾಸ ಗೊತ್ತಾಗುತ್ತದೆ. ದೀಪಿಕೆ ಓದುಗನನ್ನು ಮೂಲಪದ್ಯಕ್ಕೆ ಹಿಂದಿರುಗಿಸುತ್ತದೆ. ಗೈಡು ಮೂಲವನ್ನು ಮುಚ್ಚಿಡುವುದಕ್ಕೆ ನೆರವಾಗುತ್ತದೆ.

ಇಷ್ಟಾದರೂ ಇದು ಹೊಸ್ತಿಲು ಮಾತ್ರ. ಪದಗಳು ಬಿಡಿಸಿಕೊಂಡ ಮೇಲೆ ಕಾವ್ಯ ಕಾಣಬೇಕಷ್ಟೆ. ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನನು ಸಂಜಯನೊಡನೆ ಹೆಣಗಳ ನಡುವೆ ನಡೆಯುತ್ತ ಬರುವ ಭಾಗವನ್ನೇ ತೆಗೆದುಕೊಳ್ಳೋಣ. ಪಠ್ಯಪುಸ್ತಕಗಳಿಗೆ ಪ್ರಿಯವಾದ ಭಾಗ ಅದು. ಬಿಎಂಶ್ರೀಯವರು ೧೯೨೬ರಲ್ಲಿ ಈ ಕಾವ್ಯವನ್ನು ನಾಟಕಕ್ಕೆ ಇಳಿಸಿದ ಮೇಲಂತೂ ದುರ್ಯೋಧನ ನಮಗೆ ದುರಂತನಾಯಕನಾಗಿಯೇ ಪರಿಚಿತ. ಹೊಸ ಓದುಗ ಇಲ್ಲಿ ಕಾಣುವುದು ಒಂದರ ಹಿಂದೆ ಒಂದು ಬರುವ ಗೋಳು. ದ್ರೋಣನಿಗೊಂದು, ಮಗನಿಗೊಂದು, ತಮ್ಮನಿಗೊಂದು, ಗೆಳೆಯನಿಗೊಂದು. ಪ್ರಶ್ನೆ ಕೇಳಿದರೆ 'ಕರುಣರಸ' ಎಂದು ಬರೆದು ಮುಗಿಸುತ್ತಾನೆ. ತಪ್ಪೇನಿಲ್ಲ.

ಆದರೆ ಮಗ ಲಕ್ಷಣಕುಮಾರನ ಹೆಣದ ಬಳಿ ಅವನು ಆಡುವ ಮಾತೇನು? ತಂದೆಗೆ ಮಗ ತರ್ಪಣ ಕೊಡುವುದು ಉಚಿತ, ಈಗ ನಾನು ನಿನಗೆ ಕೊಡುವಂತಾಯಿತು, ಕ್ರಮವನ್ನು ಹೀಗೆ ತಲೆಕೆಳಗು ಮಾಡಬಹುದೆ ಎಂದು. ತಮ್ಮ ದುಶ್ಶಾಸನನ ಬಳಿ? ತಾಯ ಹಾಲಿನಿಂದ ಹಿಡಿದು ಎಲ್ಲವನ್ನೂ ನಾನು ಮೊದಲು ಉಂಡೆ, ನೀನು ಆಮೇಲೆ ಉಂಡೆ, ಸಾವಿನಲ್ಲಿ ಮಾತ್ರ ಆ ಕ್ರಮ ತಪ್ಪಿತು ಎಂದು. ಎರಡು ಪದ್ಯಗಳನ್ನೂ ಬೇರೆ ಬೇರೆಯಾಗಿ ಓದಿದವನಿಗೆ ಇವು ಎರಡು ಚಮತ್ಕಾರದ ಮಾತುಗಳು. ಒಟ್ಟಿಗೆ ಹಿಡಿದವನಿಗೆ, ಈ ಮನುಷ್ಯ ಅಳುತ್ತಿರುವುದು ಸಾವಿಗಾಗಿ ಮಾತ್ರವಲ್ಲ, ಮನೆಯೊಳಗಿನ ಹಿರಿಮೆ-ಕಿರಿಮೆಯ ಕ್ರಮ ಒಡೆದುಹೋದದ್ದಕ್ಕಾಗಿಯೂ ಎಂದು ಹೊಳೆಯುತ್ತದೆ. ಆ ಕ್ರಮವನ್ನು ಒಡೆದವನು ಯಾರು ಎಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತದೆ. ಹಿರಿಯರ ಮಾತನ್ನು ಮೀರಿದವನು, ದಾಯಾದಿಯ ಪಾಲನ್ನು ನುಂಗಿದವನು ಅವನೇ. ರನ್ನ ಇದನ್ನು ಎಲ್ಲಿಯೂ ಬೆರಳಿಟ್ಟು ತೋರಿಸುವುದಿಲ್ಲ; ದುರ್ಯೋಧನನ ಬಾಯಿಂದಲೇ ಅವನಿಗೆ ಅರಿವಾಗದಂತೆ ಆಡಿಸುತ್ತಾನೆ. ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಿ. ಮಗನ ಹೆಣಕ್ಕೆ ಮೊದಲು ಎದುರಾಗುವುದು ಅಭಿಮನ್ಯುವಿನ ಹೆಣ. ಶತ್ರುವಿನ ಆ ಮಗನ ಪರಾಕ್ರಮವನ್ನು ದುರ್ಯೋಧನ ಕೊಂಡಾಡಿ, ಅವನಿಗೆ ಬಂದಂಥ ಮರಣ ತನಗೂ ಬರಲಿ ಎಂದು ಬೇಡುತ್ತಾನೆ. ಭಾರತದ ಕಥೆಯಲ್ಲಿ ಲಕ್ಷಣನನ್ನು ಕೊಂದವನು ಇದೇ ಅಭಿಮನ್ಯು. ಮಗನನ್ನು ಕೊಂದವನಿಗೆ ಕೈಮುಗಿದ ಮೇಲೆ ಮಗನಿಗಾಗಿ ಅಳುವ ತಂದೆ: ಎರಡು ಹೆಣಗಳ ನಡುವಿನ ನಾಲ್ಕು ಹೆಜ್ಜೆಯಲ್ಲಿ ರನ್ನನ ನಾಯಕನ ಔದಾರ್ಯವೂ ಅನಾಥತೆಯೂ ಇವೆ. ಇದು ಯಾವ ಒಂದು ಪದ್ಯದಲ್ಲಿಯೂ ಇಲ್ಲ.

ಭೌತಶಾಸ್ತ್ರದ ಲೆಕ್ಕಗಳನ್ನು ವಿಂಗಡಿಸಿರೆಂದು ಹೇಳಿದಾಗ ಹೊಸ ವಿದ್ಯಾರ್ಥಿಗಳು ಇಳಿಜಾರಿನ ಹಲಗೆಯ ಲೆಕ್ಕ, ಸುರುಳಿ ಸ್ಪ್ರಿಂಗಿನ ಲೆಕ್ಕ ಎಂದು ಹೊರಗಿನ ರೂಪದಿಂದ ವಿಂಗಡಿಸಿದರೆಂದೂ, ಬಲ್ಲವರು ಶಕ್ತಿಸಂರಕ್ಷಣೆಯಂಥ ಒಳಗಿನ ತತ್ತ್ವದಿಂದ ವಿಂಗಡಿಸಿದರೆಂದೂ ೧೯೮೧ರಲ್ಲಿ ಮಿಕೆಲೀನ್ ಚೀ ಮತ್ತು ಸಂಗಡಿಗರು ತೋರಿಸಿದರು. ರನ್ನನ ಪದ್ಯಗಳಿಗೂ ಇದು ಸಲ್ಲುತ್ತದೆ. ಆದ್ದರಿಂದ ಈ ಭಾಗವನ್ನು ಪಾಠ ಮಾಡುವಾಗ ನಾನು ಆ ಮೂರು ಪದ್ಯಗಳನ್ನು ಒಂದೇ ಹಾಳೆಯ ಮೇಲೆ ಬರೆಸಿ, 'ಇವುಗಳಲ್ಲಿ ಸಮಾನವಾದದ್ದೇನು?' ಎಂದಷ್ಟೇ ಕೇಳುತ್ತೇನೆ. ಮೊದಲ ಉತ್ತರ 'ಸಾವು' ಎಂದೇ ಬರುತ್ತದೆ. 'ಬೇರೆ?' ಎಂದು ಕೇಳಿ ಸುಮ್ಮನಿರಬೇಕು. ಈ ಸುಮ್ಮನಿರುವ ಐದು ನಿಮಿಷ ಉಪಾಧ್ಯಾಯನಿಗೆ ಕಷ್ಟದ ಕಾಲ. ನಮ್ಮ ವೃತ್ತಿಯ ಅಭ್ಯಾಸಗಳೆಲ್ಲವೂ ಆ ತೆರಪನ್ನು ಮಾತಿನಿಂದ ತುಂಬಿಬಿಡಲು ನಮ್ಮನ್ನು ನೂಕುತ್ತವೆ.

ಇಲ್ಲಿ ಒಂದು ತೊಡಕುಂಟು. ಬಲ್ಲವನಿಗೆ ತಾನು ಬಲ್ಲದ್ದು ಹೇಗೆ ಬಂತೆಂಬುದು ಮರೆತುಹೋಗಿರುತ್ತದೆ. ಮೂವತ್ತು ವರ್ಷ ಓದಿದ ಅಧ್ಯಾಪಕ ಪದ್ಯವನ್ನು ಒಂದೇ ಉಸಿರಿನಲ್ಲಿ ಓದಿ ಅರ್ಥ ಹೇಳುತ್ತಾನೆ. ಅವನು ಎಲ್ಲಿ ನಿಂತ, ಯಾವ ಪದವನ್ನು ಮೊದಲು ಒಂದು ರೀತಿ ಬಿಡಿಸಿ ಆಮೇಲೆ ಬಿಟ್ಟ, ಯಾವ ಕ್ರಿಯಾಪದವನ್ನು ಹುಡುಕಿಕೊಂಡು ನಾಲ್ಕನೆಯ ಸಾಲಿಗೆ ಹೋದ ಎಂಬುದು ವಿದ್ಯಾರ್ಥಿಗೆ ಕಾಣುವುದೇ ಇಲ್ಲ. ಬಾಣಸಿಗನ ಮಗ ಬಡಿಸಿದ ಎಲೆಯನ್ನು ಮಾತ್ರ ನೋಡುತ್ತಿದ್ದರೆ ಅಡಿಗೆ ಕಲಿಯುವುದು ಹೇಗೆ? ಒಳ್ಳೆಯ ಗಮಕಿಯ ಓದನ್ನು ಕೇಳಿದವರಿಗೆ ಇದಕ್ಕೆ ಪರಿಹಾರ ಹೊಳೆಯಬೇಕು. ಕುಮಾರವ್ಯಾಸನ ಷಟ್ಪದಿಯನ್ನು ಅವನು ಹಾಡುತ್ತಲೇ ಪದಗಳನ್ನು ಬಿಡಿಸುತ್ತಾನೆ, ಬೇಕಾದಲ್ಲಿ ನಿಲ್ಲುತ್ತಾನೆ, ಸಾಲನ್ನು ಮತ್ತೊಮ್ಮೆ ಬೇರೆ ಒತ್ತಿನಲ್ಲಿ ಹೇಳುತ್ತಾನೆ. ಓದುವ ಕೆಲಸ ಕಿವಿಗೆ ಬೀಳುವಂತೆ ನಡೆಯುತ್ತದೆ. ಅಕ್ಷರ ಬಾರದ ಅಜ್ಜಿಯರು ಭಾರತವನ್ನು ಅರಿತದ್ದು ಹೀಗೆ.

ಅಕ್ಷರ ಬಾರದವರ ಮಾತು ಬಂದುದರಿಂದ 'ಕವಿರಾಜಮಾರ್ಗ'ವನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಒಂಬತ್ತನೆಯ ಶತಮಾನದ ಈ ಗ್ರಂಥದಲ್ಲಿ ಕನ್ನಡಿಗರು ಗುರಿಯಿಟ್ಟು ಓದದಿದ್ದರೂ ಕಾವ್ಯಪ್ರಯೋಗದಲ್ಲಿ ಪರಿಣತರೆಂಬ ಹೊಗಳಿಕೆ ಇದೆ. ನವೆಂಬರ್ ತಿಂಗಳ ವೇದಿಕೆಗಳಲ್ಲಿ ಇದನ್ನು ಕೇಳಿ ನಾವೆಲ್ಲ ಪುಲಕಿತರಾಗುತ್ತೇವೆ. ಆದರೆ ಈ ಮಾತನ್ನು ಹೇಳಿದ ಗ್ರಂಥ ಎಂಥದು? ಐನೂರಕ್ಕೂ ಮಿಕ್ಕ ಪದ್ಯಗಳಲ್ಲಿ, ಕಾವ್ಯದ ದೋಷ ಯಾವುದು, ಗುಣ ಯಾವುದು, ಹೀಗೆ ಹೇಳಿದರೆ ಕೆಡುತ್ತದೆ, ಹೀಗೆ ತಿದ್ದಿದರೆ ಸರಿಹೋಗುತ್ತದೆ ಎಂದು ಉದಾಹರಣೆಗಳ ಮೂಲಕ ಕಲಿಸಲು ಹೊರಟ ಶಿಕ್ಷಣಗ್ರಂಥ! ಓದದೆಯೇ ಬಲ್ಲವರು ಎಂದು ನಾಡನ್ನು ಹೊಗಳಿದವನೇ ಓದಿಸಲು ಇಷ್ಟು ಶ್ರಮಪಟ್ಟ. ಇದರಲ್ಲಿ ನನಗೆ ವಿರೋಧ ಕಾಣುವುದಿಲ್ಲ. ಆ ಜನ ಪುಸ್ತಕ ಹಿಡಿದು ಕಲಿಯದಿದ್ದರೂ ಕೇಳಿ ಕಲಿತಿದ್ದರು. ಅವರ ಸುತ್ತ ಹಾಡುವವರೂ ಹೇಳುವವರೂ ತಪ್ಪಿದರೆ ನಗುವವರೂ ಇದ್ದರು. ಕೆಟ್ಟದ್ದನ್ನೂ ಒಳ್ಳೆಯದನ್ನೂ ಅಕ್ಕಪಕ್ಕದಲ್ಲಿಟ್ಟು ತೋರಿಸುವ ಮಾರ್ಗಕಾರನ ಕ್ರಮವನ್ನು ನಮ್ಮ ಸಾಹಿತ್ಯದ ತರಗತಿಗಳು ಏಕೆ ಕೈಬಿಟ್ಟವೋ ತಿಳಿಯದು. ಪಠ್ಯದಲ್ಲಿ ಬರುವುದೆಲ್ಲ ಶ್ರೇಷ್ಠವಾದದ್ದೇ ಆಗಿರುವಾಗ, ಶ್ರೇಷ್ಠವೆಂದರೇನೆಂದು ವಿದ್ಯಾರ್ಥಿ ತಿಳಿಯುವುದಾದರೂ ಹೇಗೆ?

ಕೇಂಬ್ರಿಜ್‌ನಲ್ಲಿ ಐ. ಎ. ರಿಚರ್ಡ್ಸ್ ಮಾಡಿದ್ದು ಇದನ್ನೇ. ಹೆಸರು ಮರೆಮಾಚಿದ ಹದಿಮೂರು ಕವಿತೆಗಳನ್ನು, ಒಳ್ಳೆಯದೂ ಸಾಧಾರಣವಾದದ್ದೂ ಬೆರೆಸಿ, ವಿದ್ಯಾರ್ಥಿಗಳ ಕೈಗಿತ್ತು ಅವರ ಟಿಪ್ಪಣಿಗಳನ್ನು ಸಂಗ್ರಹಿಸಿ ೧೯೨೯ರಲ್ಲಿ ಪುಸ್ತಕ ಮಾಡಿದ. ಡನ್ ಮತ್ತು ಹಾಪ್ಕಿನ್ಸರ ಕವಿತೆಗಳನ್ನು ಎಷ್ಟೋ ಮಂದಿ ತಳ್ಳಿಹಾಕಿದ್ದರು. ಓದುಗರು ಎಡವುವ ಹತ್ತು ಜಾಗಗಳನ್ನು ಅವನು ಪಟ್ಟಿಮಾಡಿದ. ಮೊದಲನೆಯದು, ಕವಿತೆಯ ಸರಳ ವಾಚ್ಯಾರ್ಥವೇ ತಿಳಿಯದಿರುವುದು. ತನ್ನ ಸ್ವಂತ ನೆನಪುಗಳು ಅಡ್ಡಬರುವುದು, ಸಿದ್ಧಭಾವನೆಗಳು ಉಕ್ಕುವುದು ಇತ್ಯಾದಿ ಮುಂದೆ. ಅಭಿನವಗುಪ್ತನು ನಾಟ್ಯಶಾಸ್ತ್ರದ ವ್ಯಾಖ್ಯಾನದಲ್ಲಿ ರಸಾನುಭವಕ್ಕೆ ಏಳು ವಿಘ್ನಗಳನ್ನು ಹೇಳಿದ್ದಾನೆ. ಪ್ರತೀತಿಗೆ ಬೇಕಾದ ಉಪಾಯಗಳ ಕೊರತೆ ಅದರಲ್ಲೊಂದು, ತನ್ನ ಸುಖದುಃಖಗಳಿಗೆ ವಶನಾಗಿಬಿಡುವುದು ಇನ್ನೊಂದು. ಸಾವಿರ ವರ್ಷ ಹಿಂದಿನ ಕಾಶ್ಮೀರಕ್ಕೂ ಕೇಂಬ್ರಿಜ್ಜಿಗೂ ಸಂಬಂಧವಿಲ್ಲ, ಒಂದು ರಂಗಭೂಮಿಯ ವಿಚಾರ, ಇನ್ನೊಂದು ಅಚ್ಚಿನ ಕವಿತೆಯ ವಿಚಾರ. ಆದರೂ ಇಬ್ಬರೂ ಅರಸಿಕನನ್ನು ಬೈದು ಕೈತೊಳೆದುಕೊಳ್ಳದೆ, ಅವನು ಎಲ್ಲಿ ಎಡವುತ್ತಾನೆಂದು ನೋಡಿದರು. ದುರ್ಯೋಧನ ಕೆಟ್ಟವನು, ಅತ್ತರೆ ಅಳಲಿ ಎಂದು ಬರೆಯುವ ಹುಡುಗನಿಗೆ ಬೇಕಾದದ್ದು ಒಂದು ಮದ್ದು. ಪದವೇ ಬಿಡಿಸಿಕೊಳ್ಳದೆ ಕುಳಿತವನಿಗೆ ಬೇಕಾದದ್ದು ಬೇರೊಂದು. ಇಬ್ಬರಿಗೂ ಒಂದೇ ಟಿಪ್ಪಣಿಯನ್ನು ಬರೆಯಿಸಿದರೆ ಇಬ್ಬರೂ ಇದ್ದಲ್ಲಿಯೇ ಇರುತ್ತಾರೆ.

ಸಹಾಯ ಕೊಡುವುದರಲ್ಲಿಯೂ ಕಾಲವರಿಯಬೇಕು. ಗೋಡೆ ಕಟ್ಟುವಾಗ ಗಾರೆಯವರು ಸಾರುವೆ ಕಟ್ಟುತ್ತಾರೆ, ಗೋಡೆ ನಿಂತ ಮೇಲೆ ಬಿಚ್ಚುತ್ತಾರೆ. ಮೊದಲ ವರ್ಷ ಪದಚ್ಛೇದ ಮಾಡಿ ಕೊಟ್ಟರೆ ಉಪಕಾರ. ಮೂರನೆಯ ವರ್ಷವೂ ಅದನ್ನೇ ಕೊಟ್ಟರೆ ಅಪಕಾರ. ಹೊಸಬರಿಗೆ ನೆರವಾಗುವ ವಿವರಣೆ ಪಳಗಿದವರಿಗೆ ತೊಡಕಾಗುತ್ತದೆಂದು ಆಸ್ಟ್ರೇಲಿಯದ ಮನಶ್ಶಾಸ್ತ್ರಜ್ಞರು ಕೆಲವರು ೨೦೦೩ರಲ್ಲಿ ವಾದಿಸಿದ್ದಾರೆ.

ಬಾಯಿಪಾಠದ ಬಗ್ಗೆಯೂ ಒಂದು ಮಾತು. ಅದನ್ನು ಹಳಿಯುವುದು ವಿದ್ಯಾವಂತರ ಲಕ್ಷಣವೆಂದಾಗಿದೆ. ೨೦೦೬ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬಿಬ್ಬರು ಒಂದು ಪ್ರಯೋಗ ಮಾಡಿದರು. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ಬಳಿಕ ಕೇಳಿದಾಗ ಮುಂದಿದ್ದರು. ಪುಸ್ತಕ ಮುಚ್ಚಿ ನೆನಪಿನಿಂದ ಹೊರತೆಗೆಯಲು ಯತ್ನಿಸಿದವರು ಒಂದು ವಾರದ ಬಳಿಕ ಕೇಳಿದಾಗ ಮುಂದಿದ್ದರು. ಕೂಲಿಮಠದ ಅಯ್ಯನವರು ಹುಡುಗರನ್ನು ನಿಲ್ಲಿಸಿ 'ಒಪ್ಪಿಸು' ಎನ್ನುತ್ತಿದ್ದುದರಲ್ಲಿ ಬೆತ್ತದ ಹೊರತಾಗಿಯೂ ತಿರುಳಿತ್ತು. ಕೆಟ್ಟದ್ದು ಬಾಯಿಪಾಠವಲ್ಲ, ಏನನ್ನು ಬಾಯಿಪಾಠ ಮಾಡಿಸುತ್ತೇವೆಂಬುದು. ರನ್ನನ ಹತ್ತು ಕಂದಗಳು ಕಂಠಸ್ಥವಾದವನ ಕಿವಿಯಲ್ಲಿ ಹನ್ನೊಂದನೆಯ ಕಂದ ತಾನಾಗಿ ಬಿಡಿಸಿಕೊಳ್ಳುತ್ತದೆ. ಹತ್ತು ತಾತ್ಪರ್ಯಗಳು ಕಂಠಸ್ಥವಾದವನಿಗೆ ಹನ್ನೊಂದನೆಯ ತಾತ್ಪರ್ಯಕ್ಕಾಗಿ ಅಂಗಡಿಗೇ ಹೋಗಬೇಕು.

ಇದನ್ನೆಲ್ಲ ಹೇಳಿದಾಗ ಸಹೋದ್ಯೋಗಿಗಳು ಪರೀಕ್ಷೆಯನ್ನು ತೋರಿಸುತ್ತಾರೆ. ಅವರ ಮಾತು ನ್ಯಾಯವಾದದ್ದೇ. ಪ್ರಶ್ನೆಪತ್ರಿಕೆ 'ಸಂದರ್ಭದೊಡನೆ ಸ್ವಾರಸ್ಯವನ್ನು ವಿವರಿಸಿ' ಎಂದು ಕೇಳುವವರೆಗೂ, ಆ ಸ್ವಾರಸ್ಯ ಹಿಂದಿನ ವರ್ಷವೇ ಅಚ್ಚಾಗಿ ಸಿಕ್ಕುವವರೆಗೂ, ಯಾವ ವಿದ್ಯಾರ್ಥಿ ತಾನಾಗಿ ಓದುವ ಪ್ರಯಾಸಕ್ಕೆ ಕೈಹಾಕುತ್ತಾನೆ? ಅದಕ್ಕಾಗಿ ನನ್ನದು ಒಂದು ಸಣ್ಣ ಸಲಹೆ: ಪ್ರತಿ ಪತ್ರಿಕೆಯಲ್ಲಿಯೂ ಇಪ್ಪತ್ತು ಅಂಕಗಳಿಗೆ, ಪಾಠದಲ್ಲಿ ಬಾರದ ಒಂದು ಪದ್ಯ ಇರಲಿ. ಮೊದಲ ವರ್ಷ ಒಂದು ಷಟ್ಪದಿ, ಎರಡನೆಯ ವರ್ಷ ಕಂದ, ಮೂರನೆಯ ವರ್ಷ ಒಂದು ವೃತ್ತ. ಅನ್ವಯಕ್ಕೆ ಎಂಟು ಅಂಕ, ಪದಗಳಿಗೆ ಆರು, ಪದ್ಯದ ಬಗ್ಗೆ ತನಗೆ ಕಂಡದ್ದನ್ನು ಹೇಳುವುದಕ್ಕೆ ಆರು. ಎಲ್ಲರೂ ನಪಾಸಾಗುತ್ತಾರೆಂದು ಹೇಳುವವರಿದ್ದಾರೆ. ಮೊದಲ ಒಂದೆರಡು ವರ್ಷ ಬಹಳ ಮಂದಿ ಆಗಲೂಬಹುದು. ನಿಘಂಟು ಬೇಡವೆ ಎಂದರೆ, ಖಂಡಿತ ಬೇಕು. ಬಲ್ಲವರೂ ನಿಘಂಟು ನೋಡಿಯೇ ಓದುತ್ತಾರೆ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳನ್ನು ಪರೀಕ್ಷಾ ಕೊಠಡಿಗೆ ಹೊತ್ತು ತರುವುದು ಸಾಧ್ಯವಿಲ್ಲದುದರಿಂದ, ಪದ್ಯದ ಕೆಳಗೆ ಹತ್ತು ಹದಿನೈದು ಮೂಲಶಬ್ದಗಳ ಅರ್ಥವನ್ನು ಅಚ್ಚುಮಾಡಿದರೆ ಸಾಕು.